ಪದಚರ್ಚೆ: ‘ಪವರ್’ ಅಂದರೆ ಶಕ್ತಿಯೋ, ಸಾಮರ್ಥ್ಯವೋ?

ಎಲ್ಲರಿಗೂ ನಮಸ್ಕಾರ.

ಐಟಿಐ ಎಲೆಕ್ಟ್ರಿಷಿಯನ್ ವಿದ್ಯಾರ್ಥಿಗಳ ಲೆಕ್ಕದ ಹಾಳೆಯೊಂದರ ಕರಡಿನಲ್ಲಿ ಈ ವಾಕ್ಯವಿದೆ: “ನೀರು ಕಾಯಿಸುವ ಹೀಟರಿಗೆ 230 ವೋಲ್ಟ್ ಕೊಟ್ಟಾಗ 4.35 ಆಂಪಿಯರ್ ವಿದ್ಯುತ್ ಹರಿದರೆ ಅದರ ಪ್ರತಿರೋಧ ಮತ್ತು ಶಕ್ತಿ ಎಷ್ಟು?” ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಇವು ‘ರೋಧ’ ಮತ್ತು ‘ಸಾಮರ್ಥ್ಯ’. ಅಂಗಡಿಯಲ್ಲಿ, ಮನೆಯಲ್ಲಿ ಬರೀ ‘ಪವರ್’. ಯಾವುದನ್ನು ಉಳಿಸಿಕೊಳ್ಳೋಣ? ‘ಸಾಮರ್ಥ್ಯ’ ಅಂದರೆ ಕೆಪಾಸಿಟಿ ಅಲ್ಲವೇ ಎಂಬ ಆಕ್ಷೇಪಣೆಯೂ ಬಂದಿದೆ. ತಿಳಿದವರು ಹೇಳಬೇಕು.

ಮೊದಲ ಉತ್ತರ

ಈ ವಾಕ್ಯದಲ್ಲಿ ನಿಜಕ್ಕೂ ತೊಡಕು ಮಾಡುವುದು ‘ಶಕ್ತಿ’. 230ನ್ನು 4.35ರಿಂದ ಭಾಗಿಸಿದರೆ ಸುಮಾರು 52.9 ಓಮ್ ರೋಧ; ಗುಣಿಸಿದರೆ ಸುಮಾರು 1000 ವಾಟ್. ವಾಟ್ ಅಂದರೆ ಸೆಕೆಂಡಿಗೆ ಒಂದು ಜೂಲ್, ಅಂದರೆ ಶಕ್ತಿ ಖರ್ಚಾಗುವ ದರ. ಶಕ್ತಿಯ ಲೆಕ್ಕ ಇರುವುದು ಜೂಲಿನಲ್ಲಿ, ಕರೆಂಟ್ ಬಿಲ್ಲಿಗೆ ಬಂದರೆ ಯೂನಿಟ್ಟಿನಲ್ಲಿ: 1000 ವಾಟಿನ ಹೀಟರ್ ಒಂದು ಗಂಟೆ ಓಡಿದರೆ 1 ಯೂನಿಟ್, ಅಂದರೆ 36 ಲಕ್ಷ ಜೂಲ್. ಎರಡನ್ನೂ ‘ಶಕ್ತಿ’ ಅಂದುಬಿಟ್ಟರೆ ಇದರ ಮುಂದಿನ ಲೆಕ್ಕವನ್ನು ಬರೆಯಲು ಪದವೇ ಉಳಿಯುವುದಿಲ್ಲ.

ಮುಂದಿನ ಲೆಕ್ಕ ಅಂದದ್ದು ಇದನ್ನು. ಸಂಜೆ ಹೊತ್ತು ವೋಲ್ಟೇಜ್ 180ಕ್ಕೆ ಇಳಿಯಿತು ಅನ್ನಿ. ಹುಡುಗರು ಥಟ್ಟನೆ 1000ವನ್ನು 180ರಿಂದ ಭಾಗಿಸಿ 5.6 ಆಂಪಿಯರ್ ಅನ್ನುತ್ತಾರೆ. ತಪ್ಪು. ಕಾಯಿಲ್ ನೈಕ್ರೋಮ್ ಎಂಬ ನಿಕಲ್-ಕ್ರೋಮಿಯಂ ಮಿಶ್ರಲೋಹದ್ದು, ಅದರ ರೋಧ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. 180ನ್ನು 52.9ರಿಂದ ಭಾಗಿಸಬೇಕು: 3.4 ಆಂಪಿಯರ್, ವಾಟ್ ಸುಮಾರು 612. ಹತ್ತು ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು, ಸೋರಿಹೋಗುವ ಶಾಖ ಬಿಟ್ಟು, 1000 ವಾಟಿಗೆ 24 ನಿಮಿಷ ಹಿಡಿದರೆ 612ಕ್ಕೆ 40 ನಿಮಿಷ. ಯೂನಿಟ್ ಮಾತ್ರ ಎರಡು ಸಲವೂ 0.41. ಶಕ್ತಿ ಅಷ್ಟೇ ಖರ್ಚಾಯಿತು, ಬದಲಾದದ್ದು ಇನ್ನೊಂದು. ಆ ಇನ್ನೊಂದಕ್ಕೆ ಬೇರೆ ಹೆಸರು ಬೇಕೇ ಬೇಕು.

‘ಅಶ್ವಶಕ್ತಿ’ಯಲ್ಲಿ ಶಕ್ತಿ ಇದೆಯಲ್ಲ ಅನ್ನಬಹುದು. ಇದೆ, 746 ವಾಟಿಗೆ ಆ ಹೆಸರು ಬೇರೂರಿಬಿಟ್ಟಿದೆ. ಕೀಳಲು ಹೋಗಬೇಡಿ, ಪಂಪ್‌ಸೆಟ್ ಇಟ್ಟವರು ಹೇಗೂ ‘ಐದು ಎಚ್‌ಪಿ’ ಅನ್ನುವುದು.

‘ಸಾಮರ್ಥ್ಯ’ದ ಮೇಲಿನ ಆಕ್ಷೇಪಣೆಯಲ್ಲಿ ಹುರುಳಿದೆ. 15 ಲೀಟರ್ ಸಾಮರ್ಥ್ಯದ ಗೀಸರ್ ಅನ್ನುತ್ತೇವೆ, ಅದನ್ನೇ 2000 ವಾಟ್ ಸಾಮರ್ಥ್ಯದ ಗೀಸರ್ ಅಂತಲೂ ಅನ್ನುತ್ತೇವೆ. ಇನ್ವರ್ಟರ್ ಬ್ಯಾಟರಿಯ ಸಾಮರ್ಥ್ಯ 150 ಆಂಪಿಯರ್-ಗಂಟೆ. 12 ವೋಲ್ಟಿನಿಂದ ಗುಣಿಸಿದರೆ ಬರುವ 1800 ವಾಟ್-ಗಂಟೆ ನೋಡಿದರೆ ಶಕ್ತಿ! ಇದಕ್ಕಿಂತ ಸೂಕ್ಷ್ಮವಾದ ತೊಂದರೆ ಇನ್ನೊಂದು. ಸಾಮರ್ಥ್ಯ ಅಂದರೆ ಕನ್ನಡದ ಕಿವಿಗೆ ‘ಮಾಡಬಲ್ಲದ್ದು’, ‘ಈಗ ಮಾಡುತ್ತಿರುವುದು’ ಅಲ್ಲ. “ಹೀಟರಿನ ಸಾಮರ್ಥ್ಯ 612 ವಾಟಿಗೆ ಇಳಿಯಿತು” ಅಂದರೆ ಹೀಟರ್ ಕೆಟ್ಟಿತು ಅಂತ ಕೇಳಿಸುತ್ತದೆ. ಕೆಟ್ಟಿಲ್ಲ, ವೋಲ್ಟೇಜ್ ಸಾಲದು ಅಷ್ಟೇ.

ಆದ್ದರಿಂದ ವ್ಯಾಖ್ಯೆಯಲ್ಲಿ, ಸೂತ್ರದಲ್ಲಿ ‘ವಿದ್ಯುತ್ ಸಾಮರ್ಥ್ಯ’ ಇರಲಿ, ಮಕ್ಕಳು ಶಾಲೆಯಲ್ಲಿ ಕಲಿತದ್ದೂ ಅದೇ. ಪ್ಲೇಟಿನ ಮೇಲೆ ಅಚ್ಚಾಗಿರುವುದಕ್ಕೆ ‘ನಮೂದಿತ ಸಾಮರ್ಥ್ಯ’. ಓಡುತ್ತಿರುವಾಗಿನ ಲೆಕ್ಕಕ್ಕೆ ಕೆಲಸಗಾರರ ಬಾಯಲ್ಲಿರುವ ಕ್ರಿಯಾಪದವನ್ನೇ ತೆಗೆದುಕೊಳ್ಳಿ: “180 ವೋಲ್ಟಿನಲ್ಲಿ ಈ ಹೀಟರ್ 612 ವಾಟ್ ಎಳೆಯುತ್ತದೆ.” ಯಾರಿಗೂ ಗೊಂದಲವಿಲ್ಲ.

‘ಪ್ರತಿರೋಧ’ ತಪ್ಪಲ್ಲ. ಆದರೆ ‘ರೋಧ’ ಚಿಕ್ಕದು, ರೋಧಕ, ರೋಧಶೀಲತೆ ಅಂತ ಬಳಗವೂ ಇದೆ. ಅಚ್ಚಿಗೆ ಕೊಡುವಾಗ ಧಕಾರದ ಮೇಲೆ ಕಣ್ಣಿರಲಿ. ಅದು ಜಾರಿದರೆ ‘ರೋದನ’ದ ಕಡೆ ಹೊರಳಿ ತಂತಿ ಅಳತೊಡಗುತ್ತದೆ.

ಎರಡನೆಯ ಉತ್ತರ

ಮೇಲಿನದಕ್ಕೆ ಸಹಮತ. ಆದರೆ ‘4.35 ಆಂಪಿಯರ್ ವಿದ್ಯುತ್’ ಅನ್ನುವುದನ್ನು ಹಾಗೇ ಬಿಡಬಾರದು. ವಿದ್ಯುತ್ ಅಂದರೆ ಇಡೀ ಸರಕು. ಆಂಪಿಯರಿನಲ್ಲಿ ಅಳೆಯುವುದು ವಿದ್ಯುತ್ ಪ್ರವಾಹ. ‘ಕರೆಂಟ್’ ಅಂತ ಬರೆದರೂ ಅಪಾಯವೇ. ಟೆಸ್ಟರ್ ಮಿನುಗಿದರೆ “ಪ್ಲಗ್ಗಿನಲ್ಲಿ ಕರೆಂಟ್ ಇದೆ” ಅನ್ನುತ್ತೇವೆ. ಏನನ್ನೂ ಚುಚ್ಚದ ಪ್ಲಗ್ಗಿನಲ್ಲಿ 230 ವೋಲ್ಟ್ ಇರುತ್ತದೆ, ಪ್ರವಾಹ ಸೊನ್ನೆ, ವಾಟೂ ಸೊನ್ನೆ. ಮಾತಿನ ಕರೆಂಟ್ ಲೆಕ್ಕದಲ್ಲಿ ವೋಲ್ಟೇಜ್! ‘ಪವರ್ ಪ್ಲಗ್’ ಅನ್ನುವುದೂ ಹಾಗೇ, 16 ಆಂಪಿಯರಿನ ದೊಡ್ಡ ಪ್ಲಗ್ಗಿಗೆ ಬಿದ್ದ ಹೆಸರು ಅದು.

‘ರೋಧ’ಕ್ಕೆ ‘ಕಾದಾಗಿನ’ ಎಂಬ ವಿಶೇಷಣ ಬೇಕು. 100 ವಾಟಿನ ಹಳೆಯ ತಂತಿ ಬಲ್ಬನ್ನು ಬಿಚ್ಚಿ ಮಲ್ಟಿಮೀಟರಿನಲ್ಲಿ ನೋಡಿದರೆ 40 ಓಮಿನ ಆಸುಪಾಸು ತೋರಿಸುತ್ತದೆ. ಅದನ್ನು ನಂಬಿ 230ರ ವರ್ಗವನ್ನು 40ರಿಂದ ಭಾಗಿಸಿದರೆ 1300 ವಾಟ್ ದಾಟುತ್ತದೆ, ಮೀಟರ್ ಹಾಳಾಗಿದೆ ಅನ್ನಿಸುತ್ತದೆ. ಬಲ್ಬಿನ ಟಂಗ್‌ಸ್ಟನ್ ತಂತಿ ಬೆಳ್ಳಗೆ ಹೊಳೆಯುವಷ್ಟು ಕಾದಾಗ ರೋಧ 529 ಓಮಿಗೆ ಏರುತ್ತದೆ. ಹಾಗಾಗಿ ಉರಿಯುವಾಗಲೇ ವೋಲ್ಟೇಜ್, ಪ್ರವಾಹ ಅಳೆದು ಭಾಗಿಸಬೇಕು. ಪ್ರವಾಹಕ್ಕೆ ಕ್ಲ್ಯಾಂಪ್ ಮೀಟರ್ ಹಾಕುವಾಗ ಒಂದೇ ತಂತಿಯನ್ನು ಹಿಡಿಯಿರಿ; ಫೇಸ್, ನ್ಯೂಟ್ರಲ್ ಎರಡೂ ಒಳಗೆ ಬಂದರೆ ಒಂದು ಇನ್ನೊಂದನ್ನು ಅಳಿಸಿ ಸೊನ್ನೆ ತೋರಿಸುತ್ತದೆ.

ಮೋಟರಿನ ಉದಾಹರಣೆ ಈ ಹಾಳೆಯಲ್ಲಿ ಬೇಡ. ಅಲ್ಲಿ 230 ವೋಲ್ಟ್, 5 ಆಂಪಿಯರ್ ಗುಣಿಸಿದರೆ ಬರುವುದು 1150 ವೋಲ್ಟ್-ಆಂಪಿಯರ್. ಪವರ್ ಫ್ಯಾಕ್ಟರ್ (ಅದರಲ್ಲಿ ನಿಜವಾಗಿ ವಾಟ್ ಆಗುವ ಪಾಲು) 0.8 ಇದ್ದರೆ 920 ವಾಟ್. ಭಾಗಿಸಿದರೆ ಬರುವ 46 ಓಮ್ ಕೂಡ ಬರೀ ರೋಧವಲ್ಲ.

ವಾಕ್ಯವನ್ನು ಹೀಗೆ ತಿದ್ದಬಹುದು: “ಹೀಟರಿಗೆ 230 ವೋಲ್ಟ್ ಕೊಟ್ಟಾಗ 4.35 ಆಂಪಿಯರ್ ಪ್ರವಾಹ ಹರಿಯುತ್ತಿದೆ. ಕಾದ ಕಾಯಿಲಿನ ರೋಧ ಎಷ್ಟು? ಹೀಟರ್ ಎಷ್ಟು ವಾಟ್ ಎಳೆಯುತ್ತಿದೆ?”