ಪದಚರ್ಚೆ: ಯುದ್ಧಕ್ಕೆ ಸದನದ 'ಅನುಮೋದನೆ'ಯೋ 'ಒಪ್ಪಿಗೆ'ಯೋ? (ತುರ್ತು)

ಎಲ್ಲರಿಗೂ ನಮಸ್ಕಾರ. ಒಂದು ಕರಪತ್ರದ ಅನುವಾದ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಅಮೆರಿಕದ ಅಧ್ಯಕ್ಷರು ಅಲ್ಲಿನ ಕಾಂಗ್ರೆಸ್ಸಿನ ಮತ ಕೇಳದೆ, ಮಾತುಕತೆಗೂ ಕೂರದೆ ಯುದ್ಧಕ್ಕೆ ಇಳಿಯುವುದನ್ನು ವಿರೋಧಿಸುವ ಬರಹ. 'ಶಾಸಕಾಂಗದ ಅನುಮೋದನೆಯಿಲ್ಲದ, ರಾಜತಾಂತ್ರಿಕ ಪ್ರಯತ್ನವಿಲ್ಲದ ಯುದ್ಧ ಬೇಡ' ಅಂತ ಬರೆದಿದ್ದೇನೆ. ಇದೇ ಸಾಲು ಕೈಫಲಕಕ್ಕೂ ಬೇಕು. ಅಷ್ಟುದ್ದ ಯಾರು ಓದುತ್ತಾರೆ? ಜೊತೆಗೆ 'ಕಾಂಗ್ರೆಸ್ ಒಪ್ಪದೆ' ಅಂದರೆ ನಮ್ಮವರಿಗೆ ಪಕ್ಷವೇ ನೆನಪಾಗುತ್ತದೆ, ಅಲ್ವಾ? ಏನು ಹಾಕಲಿ?

---

'ಸಂಸತ್ತು' ಹಾಕಿ. 'ಅನುಮೋದನೆ' ಸರಿಯಾಗಿಯೇ ಇದೆ, ಮುಟ್ಟಬೇಡಿ. 'ರಾಜತಾಂತ್ರಿಕ' ಉದ್ದವಾಯಿತು ಅಂದರೆ 'ಸಂಧಾನ'.

---

> 'ಸಂಧಾನ'

ಖಂಡಿತ ಬೇಡ. ಶರಸಂಧಾನ ಅಂದರೇನು? ಬಿಲ್ಲಿಗೆ ಬಾಣ ಹೂಡುವುದು. ಯುದ್ಧ ಬೇಡ ಅನ್ನುವ ಫಲಕದ ಮೇಲೆ ಬಾಣ ಹೂಡುವ ಪದ ಯಾಕೆ? 'ಮಾತುಕತೆ' ಇದೆಯಲ್ಲ. 'ಅನುಮೋದನೆ'ಯೂ ಬೇಡ, 'ಒಪ್ಪಿಗೆ' ಸಾಕು. ನಮ್ಮದೇ ಬೇರಿನ ಪದ. ಶಾಸನಗಳ ಕೊನೆಯಲ್ಲಿ ಅರಸನ ರುಜುವಿಗೆ 'ಒಪ್ಪ' ಅಂತಲೇ ಹೆಸರು. ವಿಜಯನಗರದವರ 'ಶ್ರೀ ವಿರೂಪಾಕ್ಷ' ನೋಡಿ. ಕನ್ನಡದಲ್ಲಿ ಪದ ಇರುವಾಗ ಸುಮ್ನೆ ಸಂಸ್ಕೃತದಿಂದ ಎರವಲು ತರುವುದು ನಮ್ಮ ಹಳೆಯ ಚಾಳಿ.

---

'ಯುದ್ಧ' ಎಲ್ಲಿಂದ ಬಂತು? 'ಫಲಕ', 'ಶಾಸನ', 'ವಿರೋಧ'? ಅವನ್ನೆಲ್ಲ ಹಾಗೇ ಬಿಟ್ಟು 'ಅನುಮೋದನೆ'ಯ ಮೇಲೆ ಮಾತ್ರ ಸಿಟ್ಟು ಯಾಕೆ? ಎರವಲು ಅಂತ ಪದವನ್ನು ತಳ್ಳುವುದು ವಾದವೇ ಅಲ್ಲ. ಇನ್ನು ಆ ಒಪ್ಪ ಹಾಕುತ್ತಿದ್ದವನು ಅರಸ. ಇಲ್ಲಿ ಬೇಕಿರುವುದು ಅರಸನ ಕೈ ಕಟ್ಟುವ ಪದ.

---

ಬೇರು ಯಾವುದು ಅನ್ನುವುದನ್ನು ಸ್ವಲ್ಪ ಬಿಡಿ. ಇಲ್ಲಿ ತಕರಾರು ಇರುವುದು ಹೊತ್ತಿನದು. ಕಚೇರಿ ಕನ್ನಡದಲ್ಲಿ 'ಘಟನೋತ್ತರ ಅನುಮೋದನೆ' ಅಂತ ಒಂದಿದೆ. ಕೆಲಸ ಮುಗಿದಿರುತ್ತದೆ, ಹಣ ಖರ್ಚಾಗಿರುತ್ತದೆ, ಆಮೇಲೆ ಕಡತ ಬರುತ್ತದೆ, ಸಹಿ ಬೀಳುತ್ತದೆ. ಯುದ್ಧದಲ್ಲಿ ಹಾಗೆ ಆಗಬಾರದು ಅನ್ನುವುದೇ ಈ ಕರಪತ್ರದ ಮಾತು. ಬಾಂಬು ಬಿದ್ದ ಮೇಲೆ ಕೇಳಿದರೆ ಸದನ ಏನು ಮಾಡೀತು? ಸೈನಿಕರು ಆಗಲೇ ಗಡಿ ದಾಟಿರುತ್ತಾರೆ. ಬೇಡ ಅಂದವರು ದೇಶದ್ರೋಹಿಗಳಾಗುತ್ತಾರೆ.

ಅಮೆರಿಕದವರೂ ಪದಕ್ಕಾಗಿ ಹೀಗೇ ಗುದ್ದಾಡಿದ್ದಾರೆ. 1787ರ ಆಗಸ್ಟ್‌ನಲ್ಲಿ ಸಂವಿಧಾನದ ಕರಡಿನಲ್ಲಿ ಕಾಂಗ್ರೆಸ್ಸಿಗೆ 'ಯುದ್ಧ ಮಾಡುವ' ಅಧಿಕಾರ ಅಂತಿತ್ತು. ಸಂವಿಧಾನ ಸಭೆಯ ಸದಸ್ಯರಾದ ಮ್ಯಾಡಿಸನ್ ಮತ್ತು ಗೆರಿ ಅದನ್ನು ತೆಗೆಸಿ 'ಯುದ್ಧ ಸಾರುವ' ಅಂತ ಮಾಡಿಸಿದರು. ದಿಢೀರ್ ದಾಳಿಯಾದರೆ ಅಧ್ಯಕ್ಷರು ತಡೆಯಬಹುದು. ತಾವಾಗಿ ಯುದ್ಧಕ್ಕೆ ಹೊರಡಲು ಸದನವೇ ಸಾರಬೇಕು. ಆದರೆ ಕಾಂಗ್ರೆಸ್ ಕೊನೆಯ ಸಲ ಯುದ್ಧ ಸಾರಿದ್ದು 1942ರಲ್ಲಿ. 1950ರಲ್ಲಿ ಕೊರಿಯಾಕ್ಕೆ ಸೇನೆ ಹೋದಾಗ ಅಧ್ಯಕ್ಷ ಟ್ರೂಮನ್ ಕಾಂಗ್ರೆಸ್ಸಿನ ಮತ ಕೇಳಲೇ ಇಲ್ಲ. ಅದು 'ಪೊಲೀಸ್ ಕಾರ್ಯಾಚರಣೆ' ಅನ್ನಿಸಿಕೊಂಡಿತು. ವಿಯೆಟ್ನಾಮಿನ ಪೆಟ್ಟು ತಿಂದು 1973ರಲ್ಲಿ ಅಧ್ಯಕ್ಷ ನಿಕ್ಸನ್ನರ ವೀಟೊ ಮೀರಿ ಕಾಂಗ್ರೆಸ್ ಒಂದು ಕಾನೂನು ಮಾಡಿತು. ಸೇನೆ ಇಳಿಸಿದ 48 ಗಂಟೆಯೊಳಗೆ ಕಾಂಗ್ರೆಸ್ಸಿಗೆ ವರದಿ ಕೊಡಬೇಕು, ಅದು ಒಪ್ಪದಿದ್ದರೆ 60 ದಿನಕ್ಕೆ ನಿಲ್ಲಿಸಬೇಕು. 2011ರಲ್ಲಿ ಲಿಬಿಯಾದಲ್ಲಿ 60 ದಿನ ದಾಟಿತು. ಆಗ ಒಬಾಮಾ ಸರ್ಕಾರ ಹೇಳಿದ್ದು, ಇದು ಆ ಕಾನೂನು ಹೇಳುವ ಬಗೆಯ ಕಾದಾಟವೇ ಅಲ್ಲ ಅಂತ. ಒಂದು ಪದ ಸಡಿಲವಾಗಿದ್ದರೆ ಸಾಕು, ಅದರಲ್ಲಿ ಸೇನೆಯೇ ನುಗ್ಗಿ ಹೋಗುತ್ತದೆ.

ಆದ್ದರಿಂದ 'ಒಪ್ಪಿಗೆ'ಯೇ ಇರಲಿ. ಅದನ್ನು ಕೆಲಸಕ್ಕೆ ಮುಂಚೆ ಕೇಳುತ್ತೇವೆ. ಹೆಣ್ಣಿನ ಕಡೆಯವರ ಒಪ್ಪಿಗೆಯನ್ನು ತಾಳಿ ಕಟ್ಟಿದ ಮೇಲೆ ಯಾರೂ ಕೇಳುವುದಿಲ್ಲ. ಆದರೂ 'ಮೊದಲು' ಅನ್ನುವುದನ್ನು ಸೇರಿಸಿ, ಬಿಡಬೇಡಿ.

---

> 'ಒಪ್ಪಿಗೆ'ಯೇ ಇರಲಿ

ನಾನು ಹೇಳಿದ್ದೂ ಅದೇ. ಆದರೆ ಬೇರು ಬಿಡಿ ಅನ್ನುವುದನ್ನು ಒಪ್ಪಲಾರೆ. ಜನರ ಪದ ಜನರಿಗೆ ತಟ್ಟುತ್ತದೆ. 'ಘಟನೋತ್ತರ'ದಂಥ ಪದದ ಹಿಂದೆ ಏನು ಬೇಕಾದರೂ ಅಡಗಿಸಬಹುದು.

---

ತುಂಬಾ ಥ್ಯಾಂಕ್ಸ್. ಫಲಕಕ್ಕೆ ಹೀಗೆ ಕಳಿಸುತ್ತಿದ್ದೇನೆ: 'ಮೊದಲು ಮಾತುಕತೆ. ಮೊದಲು ಸದನದ ಒಪ್ಪಿಗೆ. ಇವಿಲ್ಲದೆ ಯುದ್ಧ ಬೇಡ.' ಕರಪತ್ರದೊಳಗೆ ಒಮ್ಮೆ 'ಅಮೆರಿಕದ ಸಂಸತ್ತಾದ ಕಾಂಗ್ರೆಸ್', ಆಮೇಲೆಲ್ಲ ಬರೀ 'ಸಂಸತ್ತು'. ಘೋಷಣೆ ಅಂತಿದ್ದ ಕಡೆಯೆಲ್ಲ 'ಸಾರುವುದು' ಮಾಡಿದ್ದೇನೆ. ಸಂಧಾನ ಕೈಬಿಟ್ಟೆ. ಎರವಲಿನ ಮಾತನ್ನು ಬೇರೆ ಎಳೆಯಲ್ಲಿ ಮುಂದುವರಿಸೋಣ.