ಇಸ್ರೋ ಇಂಜಿನಿಯರ್ ಪೋಸ್ಟಿಗೆ ನಮ್ಮ ಕಡೆಯಿಂದ ಹೋದವ್ರು ಯಾರರ ಅದೀರೇನ್ರಿ?

ಕೇಳಿದಾಕಿ, ಹಾವೇರಿ:
ನಮಸ್ಕಾರ್ರಿ ಎಲ್ಲಾರಿಗೂ. ನಂದು ಮೆಕ್ಯಾನಿಕಲ್, ಏಳನೇ ಸೆಮ್ ನಡದೈತಿ. ಇಸ್ರೋದಾಗ ಸೈಂಟಿಸ್ಟ್/ಇಂಜಿನಿಯರ್ ಎಸ್‌ಸಿ (ಇದು ಹುದ್ದೆ ದರ್ಜೆ ಹೆಸರು, ಜಾತಿ ಕ್ಯಾಟಗರಿ ಅಲ್ಲ) ಅಂತ ಪೋಸ್ಟ್ ಕರೀತಾರಲ್ರಿ, ಅದಕ್ಕ ಟ್ರೈ ಮಾಡ್ಬೇಕಂತ ಭಾಳ ಆಸೆ. ಅಪ್ಪ ಬ್ಯಾಂಕ್ ಎಕ್ಸಾಮ್ ಬರಿ ಅಂತಾರ, ಕ್ಲಾಸಿನವ್ರು ಅದೆಲ್ಲಾ ಐಐಟಿ ಮಂದಿಗೆ ಬಿಡು ಅಂತಾರ. ಗೇಟ್ (ಇಂಜಿನಿಯರಿಂಗ್‌ನವ್ರು ಬರಿಯೋ ದೇಶಮಟ್ಟದ ಎಕ್ಸಾಮ್) ಬರೀಬೇಕೋ, ಅವರದ ಬ್ಯಾರೆ ಎಕ್ಸಾಮ್ ಐತೋ? ಬೆಂಗಳೂರಿಗೆ ಹೋಗಿ ಕೋಚಿಂಗ್ ತಗೋಬೇಕೇನು?

ಧಾರವಾಡ, ಎಲೆಕ್ಟ್ರಾನಿಕ್ಸ್:
ಎರಡೂ ಹೌದು ತಂಗಿ. ಮೊದಲೆಲ್ಲಾ ಇಸ್ರೋದವ್ರು ತಾವ ರಿಟನ್ ಟೆಸ್ಟ್ ಮಾಡ್ತಿದ್ರು, 2025ರಾಗ ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್, ಕಂಪ್ಯೂಟರ್ ಸೈನ್ಸಿಗೆ ಗೇಟ್ ಸ್ಕೋರ್ ಮ್ಯಾಲೆ ಕರದ್ರು, ಇಡೀ ದೇಶಕ್ಕ 63 ಪೋಸ್ಟ್. ಮುಂದಿನ ಸಲ ಹೆಂಗ ಮಾಡ್ತಾರೋ ಅಂತ ಕಾಯ್ಕೋತ ಕುಂದ್ರಬ್ಯಾಡ, ಗೇಟ್ ಬರದಬಿಡು. ಗೇಟಿಗೆ ಓದಿದ್ದ ಆ ರಿಟನ್ ಟೆಸ್ಟಿಗೂ ಬರ್ತೈತಿ, ಮ್ಯಾಲೆ ಡಿಆರ್‌ಡಿಓ, ಬಿಎಆರ್‌ಸಿ, ಎನ್‌ಟಿಪಿಸಿ ಇಂಥಾ ಕೇಂದ್ರ ಸರ್ಕಾರದ ಸಂಸ್ಥೆಗಳಿಗೂ ಅದ ಸ್ಕೋರ್ ನಡೀತೈತಿ. ಇಸ್ರೋ ಒಂದನ್ನ ಹಿಡ್ಕೊಂಡು ಕುಂತ್ರ ಕಷ್ಟ, ವರ್ಷಾ ಇಂಥಾ ತಿಂಗಳ ಕರೀತಾರ ಅಂತ ಏನೂ ಇಲ್ಲ.

ಕೋಚಿಂಗ್ ಬಗ್ಗೆ ಹೇಳ್ಬೇಕಂದ್ರ, ನಮ್ಮ ಸಪ್ತಾಪುರದಾಗ ಕೆಎಎಸ್, ಪಿಎಸ್‌ಐ, ಎಫ್‌ಡಿಎ ಬೋರ್ಡ್ ಗ್ವಾಡಿ ತುಂಬ ಅದಾವು, ಗೇಟಿಗೆ ಅಷ್ಟ ಇಲ್ಲ. ನಾ ಆನ್‌ಲೈನ್ ವಿಡಿಯೋ, ಹಳೇ ಪ್ರಶ್ನೆಪತ್ರಿಕೆ ಇವೆರಡರಾಗ ಮುಗಿಸಿದೆ. ಹಳೇ ಪೇಪರ್ ಗಡಿಯಾರ ಇಟ್ಕೊಂಡು ಮಾಡು, ಅದ ದೊಡ್ಡ ಕೋಚಿಂಗ್.

ಬ್ಯಾಡಗಿ, ಮೆಕ್ಯಾನಿಕಲ್, ಈಗ ತಿರುವನಂತಪುರದ ಇಸ್ರೋದಾಗ:
ಐಐಟಿ ಮಾತು ಸುಳ್ಳವಾ. ಇಸ್ರೋಕ್ಕ ಸೇರಿದ ಕಾಲೇಜು ಐಐಎಸ್‌ಟಿ ಅಂತ ಇಲ್ಲೇ ತಿರುವನಂತಪುರದಾಗ ಐತಿ, 2007ರಾಗ ಶುರುವಾಗಿದ್ದು, ಅಲ್ಲಿ ಛಲೋ ಮಾರ್ಕ್ಸ್ ತಗೊಂಡವ್ರು ಒಂದಿಷ್ಟು ಮಂದಿ ನೇರ ಬರ್ತಾರ. ಉಳಿದವ್ರೆಲ್ಲಾ ನಮ್ಮಂಗ ಜಾಹೀರಾತು ನೋಡಿ ಅರ್ಜಿ ಹಾಕಿದವ್ರ. ನನ್ನ ಪಕ್ಕದ ಟೇಬಲ್ಲಿನಾಂವ ಒಂದು ಸಣ್ಣ ಊರಿನ ಸರ್ಕಾರಿ ಕಾಲೇಜಿನಾಂವ.

ಎಲ್ಲಾರೂ ರಿಟನ್ ಬಗ್ಗೆನ ಕೇಳ್ತಾರ, ಇಂಟರ್‌ವ್ಯೂ ಬಗ್ಗೆ ಯಾರೂ ಕೇಳಂಗಿಲ್ಲ, ಫೈನಲ್ ಲಿಸ್ಟಿನಾಗ ಇಂಟರ್‌ವ್ಯೂದು ಅರ್ಧ ತೂಕ ನೋಡು. ನನ್ನ ಫೈನಲ್ ಇಯರ್ ಪ್ರಾಜೆಕ್ಟ್ ಮೆಣಸಿನಕಾಯಿ ಒಣಗಿಸೋ ಸೋಲಾರ್ ಡ್ರೈಯರ್, ನಮ್ಮೂರಂದ್ರ ಅದ ಅಲ್ಲೇನ. ರಾಕೆಟ್ ಬಗ್ಗೆ ಕೇಳ್ತಾರ ಅಂತ ಪಿಎಸ್‌ಎಲ್‌ವಿ ನಾಕೂ ಸ್ಟೇಜ್ ಬಾಯಿಪಾಠ ಮಾಡ್ಕೊಂಡು ಹೋಗಿದ್ದೆ, ಅವ್ರು ಡ್ರೈಯರ್ ಬಿಟ್ಟು ಮುಂದ ಹೋಗಲೇ ಇಲ್ಲ. ಹಸೀ ಕಾಯಾಗ ನೀರು ಎಷ್ಟು, ಒಣಗಿದ ಮ್ಯಾಲೆ ಎಷ್ಟು, ಒಂದು ಕೆಜಿ ನೀರು ಆವಿಯಾಗಾಕ ಎಷ್ಟು ಶಾಖ ಬೇಕು (ಸುಮಾರು 2,400 ಕಿಲೋಜೌಲ್ ಅಂದೆ), ಹಂಗಾದ್ರ ನಿನ್ನ ಗಾಜಿನ ಪೆಟ್ಟಿಗಿ ಅಳತಿ ಎಲ್ಲಿಂದ ಬಂತು, ಇದ ಫ್ಯಾನ್ ಯಾಕ ಹಾಕಿದಿ. ಕಾಗದಾ ಪೆನ್ ಕೊಟ್ಟು ಇಲ್ಲೇ ಲೆಕ್ಕ ಮಾಡು ಅಂದ್ರು. ಆಮ್ಯಾಲೆ ಒಬ್ಬರು ಮೆಲ್ಲಕ, ಈ ಪೆಟ್ಟಿಗೀನ ಬಾಹ್ಯಾಕಾಶದಾಗ ಇಟ್ರ ಏನಾಗ್ತೈತಿ ಅಂದ್ರು. ಗಾಳೀನ ಇಲ್ಲಲ್ರಿ, ಕನ್ವೆಕ್ಷನ್ ಇಲ್ಲ, ಶಾಖ ಹೊರಗ ಹೋಗಾಕ ರೇಡಿಯೇಷನ್ ಒಂದ ದಾರಿ ಅಂದೆ, ಅಲ್ಲಿಂದ ಸ್ಯಾಟಲೈಟ್ ಹೆಂಗ ತಂಪ ಇಡ್ತಾರ ಅಂತ ಮಾತು ಹೊಂಟ್ತು. ಅಂದ್ರ ನಿನ್ನ ಪ್ರಾಜೆಕ್ಟ್ ಸಣ್ಣದೋ ದೊಡ್ಡದೋ ನೋಡಂಗಿಲ್ಲ, ನೀನ ಮಾಡೀಯೋ ಇಲ್ಲೋ ನೋಡ್ತಾರ. ರೊಕ್ಕಾ ಕೊಟ್ಟು ರೆಡಿಮೇಡ್ ಪ್ರಾಜೆಕ್ಟ್ ತರೋದು ನಮ್ಮ ಕಡೆ ಭಾಳ ಐತಿ, ಅದನ್ನ ತಗೊಂಡು ಆ ಕುರ್ಚಿ ಮ್ಯಾಲೆ ಕುಂತ್ರ ಎರಡ ಪ್ರಶ್ನೆಕ್ಕ ಗಪ್ ಆಗಬೇಕಾಗ್ತೈತಿ.

ಬೇಸಿಕ್ಸ್ ಗಟ್ಟಿ ಇಟ್ಕೋ. ಕ್ಯಾಂಟಿಲಿವರ್ ಬೀಮಿನ ಬೆಂಡಿಂಗ್ ಮೊಮೆಂಟ್, ಸ್ಟ್ರೆಸ್-ಸ್ಟ್ರೇನ್ ಕರ್ವ್, ನಾಝಲ್ ಚೋಕಿಂಗ್, ಇವನ್ನ ನಿದ್ದಿಗಣ್ಣಾಗೂ ಬರೀಬೇಕು.

ಗದಗ:
ಇವ್ರು ಹೇಳಿದ್ದು ಸರಿ, ಆದ್ರ ಅದಕ್ಕಿಂತ ಮುಂಚೇನ ಕಾಗದದಾಗ ಹೊರಗ ಬೀಳೋರು ಭಾಳ ಮಂದಿ. ಬಿಇ ಫಸ್ಟ್ ಕ್ಲಾಸ್, 65% ಇಲ್ಲಾ 10ಕ್ಕ 6.84 ಸಿಜಿಪಿಎ ಬೇಕು, ಕೋರ್ಸ್ ಹೇಳಿದಷ್ಟ ವರ್ಷದಾಗ ಮುಗಿಸಿರಬೇಕು. ಬ್ಯಾಕ್‌ಲಾಗ್ (ಫೇಲಾಗಿ ಉಳಿದ ಸಬ್ಜೆಕ್ಟ್) ಇದ್ರ ಲಗೂನ ತಕ್ಕೋ, ವರ್ಷ ಮುಂದ ಹೋತಂದ್ರ ಮಾರ್ಕ್ಸ್ ಎಷ್ಟಿದ್ರೂ ಅರ್ಜಿ ನಡ್ಯಂಗಿಲ್ಲ. ವಯಸ್ಸು ಜನರಲ್‌ಗೆ 28, ಒಬಿಸಿಗೆ ಮೂರು, ಎಸ್‌ಸಿ/ಎಸ್‌ಟಿಗೆ ಐದು ವರ್ಷ ಹೆಚ್ಚು, ಅದೂ ಆ ಕ್ಯಾಟಗರಿಗೆ ಪೋಸ್ಟ್ ಇದ್ರ. ಇನ್ನೊಂದು, ನಮ್ಮ 2ಎ, 3ಬಿ ಸರ್ಟಿಫಿಕೇಟ್ ಅಲ್ಲಿ ನಡ್ಯಂಗಿಲ್ಲ. ಕೇಂದ್ರದ ಒಬಿಸಿ ನಾನ್-ಕ್ರೀಮಿಲೇಯರ್ ಫಾರ್ಮ್ಯಾಟ್ ಬ್ಯಾರೆ, ಮತ್ತ ರಾಜ್ಯದ ಲಿಸ್ಟಿನಾಗ ಇದ್ದವ್ರೆಲ್ಲಾ ಕೇಂದ್ರದ ಲಿಸ್ಟಿನಾಗ ಇರಂಗಿಲ್ಲ, ಮೊದಲ ಅದನ್ನ ನೋಡ್ಕೋ. ತಹಶೀಲ್ದಾರ್ ಆಫೀಸಿನಾಗ ಆ ಫಾರ್ಮ್ಯಾಟ್ ಅಂದ್ರ ಯಾವುದು ಅಂತ ನಮ್ಮನ್ನ ಕೇಳ್ತಾರ, ಪ್ರಿಂಟ್ ತಗೊಂಡ ಹೋಗು.

ರಾಣೆಬೆನ್ನೂರು:
ಮತ್ತ ಯಾರರ ಇಷ್ಟು ಲಕ್ಷ ಕೊಡ್ರಿ ಒಳಗ ಮಾಡಿಸ್ತೀನಿ ಅಂತ ಫೋನ್ ಮಾಡಿದ್ರ ಕಟ್ ಮಾಡವಾ, ನಮ್ಮ ಓಣ್ಯಾಗ ಒಬ್ಬರು ಹಂಗ ಕಳ್ಕೊಂಡಾರ.

ಹುಬ್ಬಳ್ಳಿ, ಮಗಳು ಇಸ್ರೋದಾಗ ಅದಾಳ:
ಅಪ್ಪನ ಹತ್ರ ಮಾತಾಡುವಾಗ ಇದನ್ನೂ ಹೇಳ್ರಿ. ಇಸ್ರೋ ಅಂದಕೂಡ್ಲೇ ಎಲ್ಲಾರೂ ಬೆಂಗಳೂರು ಅನ್ಕೋತಾರ, ಮೆಕ್ಯಾನಿಕಲ್‌ನವ್ರನ್ನ ತಿರುವನಂತಪುರ, ಶ್ರೀಹರಿಕೋಟಾ, ತಮಿಳುನಾಡಿನ ಮಹೇಂದ್ರಗಿರಿ ಇಂಥಾ ಕಡೆ ಹಾಕೋದು ಹೆಚ್ಚು. ಬೇಸಿಕ್ 56,100, ಡಿಎ ಗಿಎ ಬ್ಯಾರೆ, ಬ್ಯಾಂಕಿಗೇನ್ ಕಡಿಮಿ ಇಲ್ಲ. ಆದ್ರ ನಾವು ತಿಂಗಳಾ ರೊಟ್ಟಿ, ಶೇಂಗಾ ಚಟ್ನಿ ಡಬ್ಬಿ ಕಟ್ಟಿ ಕಳಸ್ತೀವಿ, ಆ ಖರ್ಚು ನಮ್ಮ ಮ್ಯಾಲೆ.

ಕೇಳಿದಾಕಿ, ಹಾವೇರಿ:
ಎಲ್ಲಾರಿಗೂ ಭಾಳ ಥ್ಯಾಂಕ್ಸ್ ರಿ. ನನಗೊಂದು ಬ್ಯಾಕ್ ಐತಿ, ಈ ಸೆಮ್‌ನಾಗ ತಕ್ಕೋತೀನಿ. ಬ್ಯಾಡಗಿ ಅಣ್ಣಾ, ನಮ್ಮ ಗ್ರೂಪಿನವ್ರು ರೆಡಿಮೇಡ್ ಪ್ರಾಜೆಕ್ಟಿಗೆ ಅಡ್ವಾನ್ಸ್ ಕೊಟ್ಟಬಿಟ್ಟಾರ, ಈಗೇನ್ ಮಾಡ್ಲಿ?

ಬ್ಯಾಡಗಿ:
ಅಡ್ವಾನ್ಸ್ ಹೋದ್ರ ಹೋಗ್ಲಿ ಬಿಡು, ಗೈಡ್ ಹತ್ರ ಹೋಗಿ ಗ್ರೂಪ್ ಬದಲಿ ಮಾಡಿಸ್ಕೊಡ್ರಿ ಅಂತ ಕೇಳು. ಆಗಂಗಿಲ್ಲ ಅಂದ್ರ ಆ ಮಾಡೆಲ್ ಬಂದ ದಿನಾನ ಪೂರಾ ಬಿಚ್ಚಿ, ಒಂದೊಂದು ಪಾರ್ಟ್ ಅಳತಿ ತಗೊಂಡು, ಲೆಕ್ಕ ನೀನ ಹೊಸದಾಗಿ ಹಾಕು.