ಕಂಟ್ರೋಲ್ ಎಫ್9 ಒತ್ತಿದರೆ ಟರ್ಬೊ ಸಿ ಪೂರ್ತಿ ಮುಚ್ಚಿಹೋಗುತ್ತೆ (ವಿಂಡೋಸ್ 11, ಡಾಸ್‌ಬಾಕ್ಸ್)

ಬಿಸಿಎ ವಿದ್ಯಾರ್ಥಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಮ್ಮ ಲ್ಯಾಬ್‌ನಲ್ಲಿ ಸಿ ಪ್ರೋಗ್ರಾಂ ಬರೆದು ಓಡಿಸಲು ಟರ್ಬೊ ಸಿ++ 3.0 ಇದೆ, ಟೆಸ್ಟ್ ಕೂಡ ಅದರಲ್ಲೇ. ಮನೆಯಲ್ಲಿ ಅಭ್ಯಾಸ ಮಾಡೋಣ ಅಂತ ಹೊಸ ಲ್ಯಾಪ್‌ಟಾಪ್‌ಗೆ ಹಾಕಿದರೆ, ಈ ಪಿಸಿಯಲ್ಲಿ ಓಡಲ್ಲ ಅಂತ ಬಂತು. ಸೀನಿಯರ್ ಒಬ್ಬರು, ಹಳೆಯ ಡಾಸ್ ಪ್ರೋಗ್ರಾಂಗಳನ್ನು ಓಡಿಸುವ ಡಾಸ್‌ಬಾಕ್ಸ್ 0.74 ಹಾಕು ಅಂದರು. ಹಾಕಿದೆ. ನೀಲಿ ಪರದೆ ಬಂತು, ಟೈಪ್ ಮಾಡಲೂ ಆಗುತ್ತೆ. ಆದರೆ ರನ್ ಮಾಡಲು ಕಂಟ್ರೋಲ್ ಎಫ್9 ಒತ್ತಿದ ತಕ್ಷಣ ವಿಂಡೋನೇ ಮಾಯ. ಎರರ್ ಕೂಡ ತೋರಿಸಲ್ಲ. ನಿನ್ನೆ ರಾತ್ರಿ ಮ್ಯಾಟ್ರಿಕ್ಸ್ ಗುಣಾಕಾರದ ಪ್ರೋಗ್ರಾಂ ಅರವತ್ತು ಸಾಲು ಹೊಡೆದಿದ್ದೆ, ಸೇವ್ ಮಾಡಿರಲಿಲ್ಲ. ಎಲ್ಲಾ ಹೋಯಿತು. ಮೂರು ಸಲ ತೆಗೆದು ಮತ್ತೆ ಹಾಕಿದೆ, ಅದೇ ಕಥೆ. ಸೋಮವಾರ ಟೆಸ್ಟ್ ಇದೆ, ದಯವಿಟ್ಟು ಯಾರಾದರೂ ಹೇಳಿ.

ಲ್ಯಾಬ್ ನೋಡಿಕೊಳ್ಳುವವರು, ಬೀದರ್

ಇನ್ನೊಂದು ಸಲ ಇನ್‌ಸ್ಟಾಲ್ ಮಾಡಬೇಡಿ. ಲ್ಯಾಪ್‌ಟಾಪ್ ಸರಿಯಾಗಿದೆ, ನಿಮ್ಮ ಪ್ರೋಗ್ರಾಂನದೂ ತಪ್ಪಿಲ್ಲ. ಟರ್ಬೊ ಸಿಯಲ್ಲಿ ಕಂಟ್ರೋಲ್ ಎಫ್9 ಅಂದರೆ ರನ್. ಡಾಸ್‌ಬಾಕ್ಸ್‌ನಲ್ಲಿ ಅದೇ ಕೀ ಒತ್ತಿದರೆ ಡಾಸ್‌ಬಾಕ್ಸೇ ಬಂದ್. ಡಾಸ್‌ಬಾಕ್ಸ್ ಹೊರಗಡೆ ಕೂತಿದೆ ಅಲ್ವಾ, ಕೀ ಮೊದಲು ಅದರ ಕೈಗೆ ಸಿಗುತ್ತೆ. ಟರ್ಬೊ ಸಿವರೆಗೆ ಬರುವುದೇ ಇಲ್ಲ.

ಈಗಲೇ ಕೆಲಸ ಆಗಬೇಕಾದರೆ ಆಲ್ಟ್ ಆರ್ ಒತ್ತಿ. ರನ್ ಮೆನು ತೆರೆಯುತ್ತೆ, ಎಂಟರ್ ಹೊಡೆಯಿರಿ. ಔಟ್‌ಪುಟ್ ನೋಡಲು ಆಲ್ಟ್ ಎಫ್5.

ಕಾಯಂ ಸರಿಯಾಗಬೇಕಾದರೆ ಕಂಟ್ರೋಲ್ ಎಫ್1 ಒತ್ತಿ. ಕೀಬೋರ್ಡ್‌ನ ಚಿತ್ರ ಬರುತ್ತೆ. ಅದರಲ್ಲಿ ಶಟ್‌ಡೌನ್ ಅನ್ನೋ ಬಟನ್ ಹುಡುಕಿ ಕ್ಲಿಕ್ ಮಾಡಿ, ಡೆಲ್ ಕೊಡಿ, ಆಮೇಲೆ ಸೇವ್, ಎಗ್ಸಿಟ್. ಸೇವ್ ಮರೆತರೆ ಮುಂದಿನ ಸಲ ಮತ್ತೆ ಅದೇ ಗೋಳು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್ ಕೀಗಳ ಜೊತೆ ಎಫ್‌ಎನ್ ಕೂಡ ಹಿಡಿಯಬೇಕು. ಮೌಸ್ ಒಳಗೇ ಸಿಕ್ಕಿಕೊಂಡರೆ ಕಂಟ್ರೋಲ್ ಎಫ್10.

ಮೊದಲು ಓಡಲ್ಲ ಅಂತ ಬಂದಿದ್ದೂ ಸಹಜವೇ. ಇದು 1991ರ, 16 ಬಿಟ್ ಡಾಸ್ ಪ್ರೋಗ್ರಾಂ. 64 ಬಿಟ್ ವಿಂಡೋಸ್ ಅಂಥದ್ದನ್ನು ಓಡಿಸುವುದಿಲ್ಲ. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ.

ಇನ್ನೊಬ್ಬರು, ಯಾದಗಿರಿ

ಮುಂದೆ ಗ್ರಾಫಿಕ್ಸ್ ಪ್ರೋಗ್ರಾಂ ಬರುತ್ತೆ, ಆಗ ಇದು ಬೇಕಾಗುತ್ತೆ. ಆಪ್ಷನ್ಸ್, ಲಿಂಕರ್, ಲೈಬ್ರರೀಸ್‌ಗೆ ಹೋಗಿ ಗ್ರಾಫಿಕ್ಸ್ ಲೈಬ್ರರಿಗೆ ಟಿಕ್ ಹಾಕಿ. ಗ್ರಾಫಿಕ್ಸ್ ಶುರು ಮಾಡುವ ಇನಿಟ್‌ಗ್ರಾಫ್‌ನಲ್ಲಿ ಕೊಡುವ ಫೋಲ್ಡರ್ ದಾರಿ ಡಾಸ್‌ಬಾಕ್ಸ್ ಒಳಗಿನ ಸಿ ಡ್ರೈವ್‌ನದು, ವಿಂಡೋಸ್‌ನದಲ್ಲ. ನಾನು ಇದೊಂದಕ್ಕೇ ಎರಡು ದಿನ ತಲೆ ಕೆಡಿಸಿಕೊಂಡಿದ್ದೆ.

ಬಿಸಿಎ ವಿದ್ಯಾರ್ಥಿ, ಕಲಬುರಗಿ

ಆಯಿತು ಸರ್! ಶಟ್‌ಡೌನ್ ತೆಗೆದೆ, ಈಗ ಕಂಟ್ರೋಲ್ ಎಫ್9 ರನ್ ಆಗುತ್ತೆ. ತುಂಬಾ ಥ್ಯಾಂಕ್ಸ್. ಇನ್ನೊಂದು ಡೌಟ್. ಫ್ಯಾಕ್ಟೋರಿಯಲ್ ಪ್ರೋಗ್ರಾಂಗೆ 7 ಕೊಟ್ಟರೆ 5040 ಸರಿ ಬರುತ್ತೆ. 8 ಕೊಟ್ಟರೆ -25216 ಅಂತೆ. ತಂಗಿಯ ಫೋನ್‌ನಲ್ಲಿರುವ ಸಿ ಆ್ಯಪ್‌ನಲ್ಲಿ ಅದೇ ಕೋಡ್ 40320 ಕೊಡುತ್ತೆ. ಇದೂ ಡಾಸ್‌ಬಾಕ್ಸ್ ತೊಂದರೆನಾ?

ಲ್ಯಾಬ್ ನೋಡಿಕೊಳ್ಳುವವರು, ಬೀದರ್

ಅಲ್ಲ. ಟರ್ಬೊ ಸಿಯಲ್ಲಿ ಇಂಟ್, ಅಂದರೆ ಪೂರ್ಣಾಂಕ ಇಡುವ ಜಾಗ, ಎರಡೇ ಬೈಟ್. 32767 ದಾಟಿದರೆ ತಿರುಗಿ ಮೈನಸ್‌ಗೆ ಹೋಗುತ್ತೆ. 40320ರಲ್ಲಿ 65536 ಕಳೆದು ನೋಡಿ, ಅದೇ -25216. ಫೋನ್‌ನಲ್ಲಿ ಇಂಟ್ ನಾಲ್ಕು ಬೈಟ್, ಅದಕ್ಕೇ ಸರಿ ಬಂತು. ಇಂಟ್ ಬದಲು ಲಾಂಗ್ ಅಂತ ಮಾಡಿ, ಪ್ರಿಂಟ್‌ಎಫ್‌ನಲ್ಲಿ ಪರ್ಸೆಂಟ್ ಡಿ ಬದಲು ಪರ್ಸೆಂಟ್ ಎಲ್‌ಡಿ ಹಾಕಿ.

ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಟೆಸ್ಟ್ ಮುಗಿದ ಮೇಲೆ ಜಿಸಿಸಿ ಅನ್ನೋ ಈಗಿನ ಕಂಪೈಲರ್ ಕೂಡ ಹಾಕಿಕೊಂಡು ಕಲಿಯಿರಿ. ಸಿ++ಗೆ ಮೊದಲ ಸ್ಟ್ಯಾಂಡರ್ಡ್ ಬಂದಿದ್ದೇ 1998ರಲ್ಲಿ, ಈ ಟರ್ಬೊ ಅದಕ್ಕಿಂತ ಹಳೆಯದು. ವಾಯ್ಡ್ ಮೇನ್, ಕೋನಿಯೊ, ಗೆಟ್‌ಸಿಎಚ್ ಅನ್ನೋ ಟರ್ಬೊ ಕಾಲದ ರೂಢಿಗಳು ಕೈಗೆ ಅಂಟಿಕೊಂಡರೆ ನಾಳೆ ಕೆಲಸಕ್ಕೆ ಹೋದಾಗ ಬಿಡಿಸಿಕೊಳ್ಳುವುದು ಕಷ್ಟ. ನಮ್ಮ ಹುಡುಗರಲ್ಲಿ ಇದನ್ನು ನೋಡಿ ನೋಡಿ ಹೇಳುತ್ತಿದ್ದೇನೆ.

ಬಿಸಿಎ ವಿದ್ಯಾರ್ಥಿ, ಕಲಬುರಗಿ

ಲಾಂಗ್ ಹಾಕಿದೆ, 40320 ಬಂತು. ಜಿಸಿಸಿ ಟೆಸ್ಟ್ ಆದ ಮೇಲೆ ಖಂಡಿತ ಹಾಕುತ್ತೇನೆ. ಈಗ ಮ್ಯಾಟ್ರಿಕ್ಸ್ ಮತ್ತೆ ಮೊದಲಿಂದ ಟೈಪ್ ಮಾಡುತ್ತಿದ್ದೇನೆ. ಐದು ಸಾಲಿಗೊಮ್ಮೆ ಎಫ್2 ಒತ್ತಿ ಸೇವ್ ಮಾಡುತ್ತಿದ್ದೇನೆ.